ಮೊಟ್ಟೆ ಮೇಡಂ ಪುಡಿ

ಎಣ್ಣೆ ಕಲಕುವ ರಿಯಾಕ್ಟರಿನಿಂದ ತೆಗೆದ ಸ್ಯಾಂಪಲ್ ಗಾಜಿನ ಪಾತ್ರೆಯಲ್ಲಿ ಎರಡು ಪದರವಾಗಿ ನಿಲ್ಲಬೇಕಿತ್ತು: ಮೇಲೆ ಹೊಂಬಣ್ಣದ ಡೀಸೆಲ್, ಕೆಳಗೆ ಕಂದು ಗ್ಲಿಸರಿನ್. ಕಂಡದ್ದು ಬರೀ ಸೋಪಿನ ಲೋಳೆ.

"ಮೇಡಂ, ಈ ಮೊಟ್ಟೆಚಿಪ್ಪಿನ ಸಹವಾಸ ಸಾಕು," ಎಂದರು ಮ್ಯಾನೇಜರ್. "ನಾಳೆಯಿಂದ ಮತ್ತೆ ಕಾಸ್ಟಿಕ್ ಸೋಡಾನೇ ಹಾಕೋಣ."

ಅವಳ ಮುಖ ಕೆಂಪೇರಿತು. ಹೋಟೆಲುಗಳಲ್ಲಿ ಕರಿದು ಮಿಕ್ಕ ಎಣ್ಣೆಯಿಂದ ಡೀಸೆಲ್ ಮಾಡುವ ಆ ಪುಟ್ಟ ಕಾರ್ಖಾನೆಗೆ ಅವಳೇ ಕೆಮಿಸ್ಟ್. ಎಣ್ಣೆ ಬೇಗ ಡೀಸೆಲ್ ಆಗಬೇಕಾದರೆ ಕ್ಯಾಟಲಿಸ್ಟ್ ಬೇಕು; ಇಷ್ಟು ದಿನ ಅದಕ್ಕೆ ಕಾಸ್ಟಿಕ್ ಸೋಡಾ ಹಾಕುತ್ತಿದ್ದರು. ಬೇಕರಿಗಳಿಂದ ಚಿಪ್ಪು ತಂದು, ಫರ್ನೇಸಿನಲ್ಲಿ ಸುಟ್ಟು, ಡೀಸೆಲ್ಲಿನಿಂದ ಸೋಸಿ ತೆಗೆದು ಮತ್ತೆ ಮತ್ತೆ ಬಳಸಬಹುದಾದ ಬಿಳಿ ಪುಡಿಯನ್ನು ಅವಳು ಎರಡು ವರ್ಷ ತಲೆ ಕೆಡಿಸಿಕೊಂಡು ಮಾಡಿದ್ದಳು. 'ಮೊಟ್ಟೆ ಮೇಡಂ' ಎಂದು ಜನ ಹಿಂದಿನಿಂದ ನಕ್ಕರೆ ತಲೆಯೆತ್ತಿಕೊಂಡೇ ನಡೆಯುತ್ತಿದ್ದಳು. ಹೆಮ್ಮೆಯೇನು ಕದ್ದ ಮಾಲೇ, ಬಚ್ಚಿಡಲು?

"ನನ್ನ ಪುಡಿದು ತಪ್ಪಿಲ್ಲ ಸರ್. ಲ್ಯಾಬಲ್ಲಿ ನಲವತ್ತು ಸಲ ಸರಿಯಾಗಿ ಬಂದಿದೆ."

"ಮತ್ತೆ ಯಾರದ್ದು ತಪ್ಪು?"

"ನಂದು ಸರ್."

ಬಾಗಿಲಲ್ಲಿ ಫಿಟ್ಟರ್ ನಿಂತಿದ್ದ. ದಿನಾ ಪಂಪಿನ ನೆಪ ಮಾಡಿಕೊಂಡು ಲ್ಯಾಬಿಗೆ ಬಂದು, ಪಂಪೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿ ಹೋಗುತ್ತಿದ್ದವನು. ಕಣ್ಣಿಗೆ ಕಣ್ಣು ಸಿಕ್ಕರೆ ಸ್ಪ್ಯಾನರನ್ನೇ ದಿಟ್ಟಿಸುತ್ತಿದ್ದವನು. ಇವತ್ತು ಅವಳನ್ನೇ ನೇರವಾಗಿ ನೋಡಿದ.

"ನಿನ್ನೆ ಸಂಜೆ ರಿಯಾಕ್ಟರ್ ತೊಳೆದೆ. ಮೇಡಂ ಪುಡಿ ಮೊದಲನೇ ಸಲ ಅದಕ್ಕೆ ಬೀಳ್ತಿದೆ, ಫಳಫಳ ಅನ್ಲಿ ಅಂತ. ಒರೆಸಿದ್ದೆ, ಆದ್ರೆ ಕೆಳಗಿನ ಪೈಪಲ್ಲಿ ನೀರು ನಿಂತುಬಿಟ್ಟಿತ್ತು. ಈಗ ವಾಲ್ವ್ ಬಿಚ್ಚಿದಾಗ ಗೊತ್ತಾಯ್ತು."

"ನೀರಾ!" ಅವಳು ಚೀರಿದಳು. "ನೀರು ಸೇರಿದ್ರೆ ಎಣ್ಣೆ ಸೋಪಾಗುತ್ತೆ ಅಂತ ಗೋಡೆ ಮೇಲೆ ಬರೆದು ಅಂಟಿಸಿದೀನಲ್ರೀ!"

"ನೋಡಿದೀನಿ ಮೇಡಂ. ನಿಮ್ಮ ಅಕ್ಷರಾನೇ ನೋಡ್ತಾ ನಿಂತೆ, ವಿಷಯ ತಲೆಗೆ ಹೋಗ್ಲಿಲ್ಲ."

ಮ್ಯಾನೇಜರ್ ಕೆಮ್ಮಿದರು. "ಸಂಜೆಯೊಳಗೆ ಇನ್ನೊಂದು ಸಲ ಮಾಡಿ. ಕೆಟ್ರೆ ಪುಡಿನೂ ಇಲ್ಲ, ಫಿಟ್ಟರೂ ಇಲ್ಲ."

ಅವನು ಪೈಪುಗಳನ್ನೆಲ್ಲ ಬಿಚ್ಚಿ ಬಿಸಿಗಾಳಿ ಊದಿದ. ಅವಳು ಎಣ್ಣೆಯನ್ನು ಗುಳ್ಳೆ ನಿಲ್ಲುವವರೆಗೆ ಕಾಯಿಸಿ ನೀರಿನ ಪಸೆ ಕಳೆದಳು, ಆರಿಸಿದಳು. ಮೆಥನಾಲ್ ಸೇರಿತು, ಪುಡಿ ಬಿತ್ತು, ರಿಯಾಕ್ಟರ್ ಮೂರು ಗಂಟೆ ಕಲಕಿತು. ಹೊಸ ಸ್ಯಾಂಪಲಿನ ಮುಂದೆ ಇಬ್ಬರೂ ಹೆಗಲಿಗೆ ಹೆಗಲು ತಾಗಿ ಕೂತರು. ಸರಿದು ಕೂರಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲು ಒಂದು ತೆಳು ಗೆರೆ ಮೂಡಿತು. ಆಮೇಲೆ ಗೆರೆಯ ಕೆಳಗೆ ಕಂದು, ಮೇಲೆ ಅಪ್ಪಟ ಹೊನ್ನು.

"ಗೆದ್ದಿರಿ ತಾಯಿ! ಇನ್ಮೇಲೆ ಇದೇ ಪುಡಿ," ಎಂದು ಮ್ಯಾನೇಜರ್ ನಗುತ್ತಾ ಹೋದರು.

ಅವಳು ಫಿಟ್ಟರ್ ಕಡೆ ತಿರುಗಿದಳು. "ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಕೆಲಸ ಹೋಗಿದ್ರೆ?"

"ಕೆಲಸ ಇನ್ನೊಂದು ಸಿಗುತ್ತೆ. ನಿಮ್ಮ ಪುಡಿಗೆ ಕೆಟ್ಟ ಹೆಸರು ಬಂದ್ರೆ ನಂಗೆ ತಡೆಯೋಕಾಗಲ್ಲ. ಇಲ್ಲಿ ಎಲ್ಲರೂ ನಗ್ತಿದ್ದಾಗ ನಾನು ಮನೇಲಿ ನಿಮ್ಮ ಬಗ್ಗೆ ಜಂಬ ಕೊಚ್ಕೊಳ್ತಿದ್ದೆ. ನಮ್ಮಮ್ಮ ಮೊಟ್ಟೆಚಿಪ್ಪು ಎಸೆಯೋದೇ ಬಿಟ್ಟಿದಾರೆ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಇಷ್ಟು ದಿನ ಪಂಪು ಕೆಡಲಿ ಎಂದು ತಾನೂ ಹಾರೈಸಿದ್ದು ಸುಳ್ಳಲ್ಲ.

"ಭಾನುವಾರ ಮನೆಗೆ ಬನ್ನಿ. ಹುಡುಗನಿಗೆ ಏನು ಬರುತ್ತೆ ಅಂತ ನಮ್ಮಪ್ಪ ಕೇಳ್ತಾರೆ."

ಅವನು ತಬ್ಬಿಬ್ಬಾದ. "ಪಂಪ್ ರಿಪೇರಿ ಬರುತ್ತೆ ಅನ್ನಿ."

"ಅದು ಯಾವ ಫಿಟ್ಟರಿಗಾದ್ರೂ ಬರುತ್ತೆ. ತಪ್ಪು ಒಪ್ಕೊಳ್ಳೋಕೆ ಬರುತ್ತೆ ಅಂತೀನಿ."

ಶಿಫ್ಟ್ ಮುಗಿದು ಜನ ಹೊರಡುತ್ತಿದ್ದರು. ಎಣ್ಣೆ ಮೆತ್ತಿದ ಅವನ ಕೈಯನ್ನು ಎಲ್ಲರೆದುರಿಗೇ ಹಿಡಿದುಕೊಂಡು ಅವಳು ಗೇಟಿನ ಕಡೆ ನಡೆದಳು.