ಗುಬ್ಬಿ ಹೊತ್ತ ಮಾತು

“ಗುಬ್ಬೀ, ನಿನ್ನ ದೊಡ್ಡಮ್ಮನಿಗೆ ಹೇಳು, ಊಟ ಆರಿ ಹೋಗ್ತಿದೆ ಅಂತ!”

ದೊಡ್ಡಮ್ಮ ಕುಳಿತಿದ್ದದ್ದು ಬೇರೆಲ್ಲೂ ಅಲ್ಲ, ಅದೇ ಮೇಜಿನ ಆಚೆ ಬದಿಯಲ್ಲಿ! ಕೈ ಚಾಚಿದರೆ ತಟ್ಟೆ ಸಿಗುವಷ್ಟು ಹತ್ತಿರ. ಆದರೂ ಏಳು ವರ್ಷದ ಗುಬ್ಬಿ ಬೆಂಚಿನಿಂದ ಧುಮುಕಿ, ಮೇಜು ಸುತ್ತಿಹೋಗಿ, ದೊಡ್ಡಮ್ಮನ ಕಿವಿಯಲ್ಲಿ ಪಿಸುಗುಟ್ಟಿ, ಉತ್ತರ ಹೊತ್ತು ಅಮ್ಮನ ಬಳಿಗೆ ಮರಳಿದಳು.

“ಅವರಿಗೆ ಹಸಿವಿಲ್ವಂತೆ. ಆದ್ರೆ ನೀನು ಮಾಡಿದ್ದು ತುಂಬಾ ಚೆನ್ನಾಗಿದೆಯಂತೆ. ಎರಡು ಮಾತಾಯ್ತು, ಎರಡು ಮಿಠಾಯಿ ಕೊಡು!”

ಎರಡನೆಯ ಮಾತು ಗುಬ್ಬಿಯ ಸ್ವಂತದ್ದೆಂದು ತಾಯಿಗೆ ಗೊತ್ತಾಯಿತು. ತಟ್ಟೆ ಮುಟ್ಟದವರು ರುಚಿ ಹೇಳುವುದುಂಟೆ? ಅವಳು ಎದುರಿಗಿದ್ದ, ತಾನು ಅಕ್ಕ ಎಂದೇ ಕರೆಯುವ ಓರಗಿತ್ತಿಯ ಮುಖವನ್ನು ಕದ್ದು ನೋಡಿದಳು. ಆ ಕಣ್ಣುಗಳು ಸರೋವರದ ನೀರಿನ ಮೇಲಿದ್ದವು.

ರಜೆಗೆಂದು ಇಡೀ ಮನೆಯೇ ಈ ಸರೋವರದಂಚಿನ ಶಿಬಿರಕ್ಕೆ ಬಂದಿತ್ತು. ಇವರ ಗಂಡಂದಿರು, ಅಣ್ಣತಮ್ಮಂದಿರಿಬ್ಬರೂ, ಗಾಳ ಹಿಡಿದು ಬೆಳಿಗ್ಗೆಯೇ ಆಚೆ ದಡ ಸೇರಿದ್ದರು. ಮರಗಳ ನಡುವೆ ಜೋಲಿಗಳು, ಚೆಂಡಾಟದ ಕೇಕೆ, ಪೆಡಲ್ ಬೋಟುಗಳ ಚಟಪಟ... ನೀರು ಮಾತ್ರ ಏನನ್ನೋ ಬಚ್ಚಿಟ್ಟುಕೊಂಡವರ ಹಾಗೆ ಅಲುಗದೆ ಮಲಗಿತ್ತು. ಬೊಗಳುವ ನಾಯಿಗೆ ಹೆದರಬೇಡ, ಸುಮ್ಮನೆ ಮಲಗಿದ ನೀರಿಗೆ ಹೆದರು ಎಂದು ಹಳಬರು ಹೇಳುವುದು ಇಂಥದ್ದನ್ನು ಕಂಡೇ ಇರಬೇಕು.

ಈ ಮೌನ ಚಳಿಗಾಲದಲ್ಲಿ ಶುರುವಾದದ್ದು. ಅಕ್ಕನ ಹೊಟ್ಟೆಯಲ್ಲಿದ್ದ ಕೂಸು ಆರನೇ ತಿಂಗಳಿಗೇ ಹೋಗಿಬಿಟ್ಟಿತು. ಅದು ಮೂರನೆಯ ಸಲ! ಅವಳು ಆಸ್ಪತ್ರೆಯಿಂದ ಬಂದ ದಿನವೇ ಅತ್ತೆ ಕಿರಿಯ ಸೊಸೆಯಾದ ಗುಬ್ಬಿಯ ತಾಯಿಯನ್ನು ಅಡುಗೆಮನೆಗೆ ಕರೆದು, “ಬರಿದಾದ ಮಡಿಲಿನ ಕಣ್ಣು ಒಳ್ಳೇದಲ್ಲ. ಮಗೂನ ದೂರ ಇಟ್ಕೋ” ಎಂದಿದ್ದರು. ಹಾಲು ಬಿಟ್ಟಾಗಿನಿಂದ ದೊಡ್ಡಮ್ಮನ ಪಕ್ಕದಲ್ಲೇ ಮಲಗುತ್ತಿದ್ದ ಗುಬ್ಬಿಯ ಪುಟ್ಟ ಹಾಸಿಗೆಯನ್ನು ಕಿರಿಯವಳು ಅಂದು ಸುರುಳಿ ಸುತ್ತಿ ತನ್ನ ಕೋಣೆಗೆ ಹೊತ್ತೊಯ್ದಳು. ಅಕ್ಕ ಗೋಡೆಗೊರಗಿ ನೋಡುತ್ತಲೇ ಇದ್ದಳು. ಯಾಕೆ ಎಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ. ಅಂದಿನಿಂದ ಇಬ್ಬರ ನಡುವೆ ಓಡಾಡಿದ್ದು ಗುಬ್ಬಿಯೊಬ್ಬಳೇ!

ಊಟವಾದ ಮೇಲೆ ಅಕ್ಕ ಸರೋವರದ ಪುಟ್ಟ ಕೊಲ್ಲಿಯ ಆಚೆ ಬದಿಗೆ, ನೀರಿನ ಮೇಲೆ ಚಾಚಿದ ಹಲಗೆ ಕಟ್ಟೆಗೆ ಹೋಗಿ ಒಬ್ಬಳೇ ಕುಳಿತಳು. ಸ್ವಲ್ಪ ಹೊತ್ತಿಗೆಲ್ಲ ಗಾಳಿ ತಿರುಗಿತು. ನೀರಿನ ಬಣ್ಣ ಸೀಸದಂತಾಯಿತು. ದೋಣಿಯವನು ಸೀಟಿ ಊದಿ ಕೆಂಪು ಬಾವುಟ ಏರಿಸಿ, ಚದುರಿದ ಬೋಟುಗಳನ್ನು ಕರೆತರಲು ಮೋಟಾರು ದೋಣಿಯಲ್ಲಿ ಹೊರಟುಹೋದ.

“ಗುಬ್ಬೀ, ಓಡು. ಬಾವುಟ ಏರಿದೆ, ವಾಪಸ್ ಬರಬೇಕಂತೆ ಅಂತ ದೊಡ್ಡಮ್ಮನಿಗೆ ಹೇಳು.”

ಗುಬ್ಬಿ ದಡದ ಕಾಲುಹಾದಿ ಹಿಡಿದು ಮರೆಯಾದಳು. ಎಷ್ಟು ಹೊತ್ತಾದರೂ ಬರಲಿಲ್ಲ. ‘ಅಲ್ಲೇ ತೊಡೆ ಮೇಲೆ ಕೂತಿರುತ್ತಾಳೆ...’ ಎಂದುಕೊಂಡಳು ತಾಯಿ. ಹೊಟ್ಟೆಯೊಳಗೆ ಸಣ್ಣ ಉರಿ. ಎದ್ದು ಹೋಗಿ ಕರೆತರಬಹುದಿತ್ತು. ಆದರೆ ಹೋದರೆ ಮಾತಾಡಬೇಕಲ್ಲ!

ಆಗ ಮರಗಳ ನಡುವಿನಿಂದ ಅಕ್ಕ ಬಂದಳು. ಒಬ್ಬಳೇ.

ಬಾಯಿಗೆ ಹಾಕಿಕೊಂಡಿದ್ದ ಬೀಗ ತಾನಾಗಿಯೇ ಕಳಚಿಬಿತ್ತು. “ಅಕ್ಕಾ... ಮಗು ಎಲ್ಲಿ?”

“ಆಗ್ಲೇ ಕಳಿಸಿದ್ನಲ್ಲೇ! ನಿನ್ನ ಹತ್ರ ಬಂದಿಲ್ವಾ?”

ಇಬ್ಬರೂ ಒಟ್ಟಿಗೇ ನೀರಿನತ್ತ ತಿರುಗಿದರು. ಆಚೆ ಕಟ್ಟೆಗೆ ಕಾಣದ ದಡದ ತಿರುವಿನಲ್ಲಿ ಕಟ್ಟಿದ್ದ ಮಕ್ಕಳ ಹಳದಿ ದೋಣಿ ಅಲ್ಲಿರಲಿಲ್ಲ. ದೂರದ ಅಲೆಗಳ ನಡುವೆ ಎಲೆಯಂತೆ ಏನೋ ಹಳದಿ ಎದ್ದು ಬೀಳುತ್ತಿತ್ತು. ಗುಬ್ಬಿಯ ತೇಲುವ ಜಾಕೆಟ್ಟು ಅವರು ಇಳಿದುಕೊಂಡಿದ್ದ ಕ್ಯಾಬಿನ್ನಿನ ಜಗಲಿಯ ಕಂಬಿಯ ಮೇಲೆ ಗಾಳಿಗೆ ಪಟಪಟ ಬಡಿಯುತ್ತಿತ್ತು...

ಅಯ್ಯೋ! ಅಕ್ಕ ಅಷ್ಟರಲ್ಲೇ ದಡದ ದೊಡ್ಡ ದೋಣಿಯನ್ನು ನೀರಿಗೆ ತಳ್ಳುತ್ತಿದ್ದಳು. “ಹತ್ತು! ಒಂದು ಹುಟ್ಟು ನೀನು ಹಿಡಿ!”

ಕಿರಿಯವಳು ಈಜು ಬಾರದ ಹೆಣ್ಣು, ಯೋಚಿಸದೆ ಹತ್ತಿದಳು. ಹುಚ್ಚು ಹಿಡಿದವಳಂತೆ ಹುಟ್ಟು ಎಳೆದಳು. ದೋಣಿ ಮುಂದೆ ಹೋಗದೆ ಗಾಣದೆತ್ತಿನ ಹಾಗೆ ನಿಂತಲ್ಲೇ ಸುತ್ತಿತು!

“ನಿನ್ನ ಪಾಡಿಗೆ ನೀನು ಎಳೀಬೇಡ ಕಣೇ! ನಾನು ಹೇಳ್ದಾಗ ಎಳಿ! ಹೂಂ... ಎಳಿ!”

“ಕಾಣಿಸ್ತಿಲ್ಲ ಅಕ್ಕಾ, ಮಗು ಕಾಣಿಸ್ತಿಲ್ಲ!”

“ನನಗೂ ಕಾಣಿಸ್ತಿಲ್ಲ. ಎಳಿ!”

ಹುಟ್ಟು ಹಾಕುವವರ ಬೆನ್ನು ಹೋಗುವ ದಿಕ್ಕಿಗಿರುತ್ತದೆ. ಕಣ್ಣಿಗೆ ಕಂಡದ್ದು ದೂರವಾಗುತ್ತಿದ್ದ ದಡ, ಅಲ್ಲಿ ಎದೆ ಬಡಿದುಕೊಳ್ಳುತ್ತಿದ್ದ ಅತ್ತೆ. ಹಿಂದಿನಿಂದ ಬರುತ್ತಿದ್ದ ತೆಳ್ಳನೆಯ ಅಳುವೊಂದೇ ದಾರಿ. ಒಮ್ಮೆ ಆ ಅಳುವೂ ನಿಂತುಹೋಯಿತು... ಭುಜಕ್ಕೆ ಭುಜ ಒತ್ತಿ ಇಬ್ಬರೂ ಎಳೆದರು. ಯಾರ ಉಸಿರು ಯಾರದೆಂದು ತಿಳಿಯದಾಯಿತು.

ಹಳದಿ ದೋಣಿ ತಗುಲಿದಾಗ ಅದರಲ್ಲಿ ಅರ್ಧ ನೀರಿತ್ತು. ಗುಬ್ಬಿ ಅಂಚನ್ನು ಅವುಚಿ ಹಿಡಿದು ಬೋರಲು ಮಲಗಿದ್ದಳು. ತಾಯಿ ಎಳೆದು ಎದೆಗಪ್ಪಿದಳು. ನೀಲಿಗಟ್ಟಿದ ತುಟಿ ಅಲುಗಿತು:

“ಅಮ್ಮಾ... ದೊಡ್ಡಮ್ಮ ಬರ್ತಾರಂತೆ... ನಿನ್ನ ಕಂಡ್ರೆ ಕೋಪ ಇಲ್ವಂತೆ... ಬೇಗ ಹೇಳೋಣ ಅಂತ ದೋಣೀಲಿ ಬಂದೆ...”

ಅಕ್ಕ ಹುಟ್ಟನ್ನು ಒಳಗೆಳೆದುಕೊಂಡಳು. “ಬರಲ್ಲ ಹೋಗು ಅಂದಿದ್ದೆ ಕಣೇ ನಾನು... ಅಷ್ಟೇ ಅಂದಿದ್ದೆ...”

ಮಗುವನ್ನು ಕಾಲ ಬುಡದಲ್ಲಿ ಮಲಗಿಸಿಕೊಂಡು ಅವರು ದಡ ಸೇರಿದಾಗ ಅತ್ತೆ ಮಂಡಿಯುದ್ದ ನೀರಿಗಿಳಿದಿದ್ದರು. “ನಾನು ಬಡ್ಕೊಂಡಿರ್ಲಿಲ್ವಾ? ಆ ಕಣ್ಣು ಬಿದ್ದಿದ್ದಕ್ಕೇ ಹೀಗಾಯ್ತು! ಕೊಡಿಲ್ಲಿ ಮಗೂನ!”

“ಇಲ್ಲ ಅತ್ತೆ,” ಕಿರಿಯವಳ ದನಿ ಅವಳಿಗೇ ಹೊಸದೆನಿಸಿತು. “ಕಣ್ಣು ಬಿದ್ದಿಲ್ಲ. ನಾವಿಬ್ರೂ ನಮ್ಮ ಮುನಿಸನ್ನೆಲ್ಲ ಈ ಕೂಸಿನ ತಲೆ ಮೇಲೆ ಹೊರಿಸಿದ್ವಿ. ಹೊರಲಾರದೆ ಮುಳುಗ್ತಿತ್ತು.”

ಅತ್ತೆಯ ಚಾಚಿದ ಕೈ ಹಾಗೇ ಉಳಿಯಿತು. ಕಿರಿಯವಳು ಮಗುವನ್ನು ಎತ್ತಿ, ದಡದಲ್ಲಿ ಕುಳಿತ ಅಕ್ಕನ ಮಡಿಲಿಗಿಟ್ಟಳು. ಅಕ್ಕ ಅತ್ತು ಕರಗಲಿಲ್ಲ. ತನ್ನ ಒದ್ದೆ ಸೆರಗಿನಲ್ಲೇ ಆ ಪುಟ್ಟ ಪಾದಗಳನ್ನು ಉಜ್ಜುತ್ತಾ, ತಲೆಯೆತ್ತದೆ ಹೇಳಿದಳು:

“ಇನ್ಮೇಲೆ ನನಗೇನಾದ್ರೂ ಹೇಳೋದಿದ್ರೆ ನೀನೇ ಬಂದು ಹೇಳು.”

ಗಾಳಿ ಇನ್ನೂ ನಿಂತಿರಲಿಲ್ಲ. ಸರೋವರ ಕಪ್ಪಾಗಿ, ಒಂದೇ ಸಮನೆ ದಡ ಕೆರೆಯುತ್ತಿತ್ತು. ಕಿರಿಯವಳು ಅಕ್ಕನೆದುರು ಒದ್ದೆ ಮರಳಿನಲ್ಲಿ ಕುಸಿದು ಕುಳಿತಳು. ಚಳಿಗಾಲದಿಂದ ಎದೆಯಲ್ಲಿ ಕೊಳೆಯುತ್ತಿದ್ದ ಮಾತು ಈಗ ಬಾಯಿಗೆ ಬಂತು.

“ಅಕ್ಕಾ, ಅವತ್ತು ಹಾಸಿಗೆ ಎತ್ಕೊಂಡು ಹೋದ್ನಲ್ಲ...”

“ಹೂಂ,” ಅಂದಳು ಅಕ್ಕ. “ಹೇಳು.”