ಕೊನೆಯವಳ ಹಿಂದೆ ಬಂದವನು

ಹನ್ನೆರಡನೇ ವಯಸ್ಸಿನಲ್ಲಿ, ಎರಡೂ ಮೊಣಕಾಲಿಗೆ ಔಷಧಿ ಹಚ್ಚಿಸಿಕೊಳ್ಳುತ್ತಾ, ಪುಟ್ಟಿ ಅಮ್ಮನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು.

"ಅಮ್ಮಾ... ಇನ್ನು ಈ ಜನ್ಮದಲ್ಲಿ ನಾನು ಓಡಲ್ಲ. ನಿನ್ನಾಣೆ!"

"ಸದ್ಯ," ಅಂದಿದ್ದರು ಅಮ್ಮ. ಮಗಳ ಮೊಣಕಾಲಿಗಿಂತ ಅವರಿಗೆ ಶಾಲೆಯವರ ಮುಖ ನೋಡುವುದು ಹೇಗೆ ಅನ್ನುವ ಚಿಂತೆ ಹೆಚ್ಚಾಗಿತ್ತು.

ಆ ದಿನ ಓಟದಲ್ಲಿ ಅವಳು ಕೊನೆಯವಳಾಗಿ ಬಂದಿದ್ದಳು. ಅದೇನು ದೊಡ್ಡ ವಿಷಯವಲ್ಲ. ಗೆರೆ ದಾಟಿದ ಮೇಲೆ ನಿಲ್ಲುವುದು ಹೇಗೆಂದು ತಿಳಿಯದೆ, ಸೀದಾ ಬಹುಮಾನದ ಮೇಜಿಗೆ ನುಗ್ಗಿದ್ದೇ ದೊಡ್ಡ ವಿಷಯ. ಕಪ್ಪುಗಳೆಲ್ಲ ಒಂದು ಕಡೆ, ಮುಖ್ಯ ಅತಿಥಿ ಇನ್ನೊಂದು ಕಡೆ!

ಪುಟ್ಟಿ ಮಾತಿಗೆ ತಪ್ಪಲಿಲ್ಲ. ಬಸ್ಸು ಹೊರಟರೂ ಓಡಲಿಲ್ಲ, ಹಾಲು ಉಕ್ಕಿದರೂ ಓಡಲಿಲ್ಲ. ಒಮ್ಮೆ ಬೀದಿನಾಯಿ ಅಟ್ಟಿಸಿಕೊಂಡು ಬಂದಾಗಲೂ ನಡೆದೇ ಹೋದಳು. ನಾಯಿಗೇ ಏನು ಮಾಡಬೇಕೆಂದು ತೋಚದೆ ವಾಪಸ್ ಹೋಯಿತು.

ಹೀಗೆ ಹದಿನೆಂಟು ವರ್ಷ ಕಳೆದವು. ಕನ್ನಡಕದ ಅಂಗಡಿಯಲ್ಲಿ ಕೂತು ಕೂತು, ಗಾಜು ಉಜ್ಜಿ ಉಜ್ಜಿ ಅವಳ ಸೊಂಟ ಹಿಡಿದುಕೊಂಡಿತು. "ನಡೀರಿ, ದಿನಾ ನಡೀರಿ," ಅಂದರು ಡಾಕ್ಟರು.

ನಡೆಯುವುದಕ್ಕೆ ಮಾತಿನ ಅಡ್ಡಿ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಭಾವನ ಹಳೇ ಕಿತ್ತಳೆ ಟೀ ಶರ್ಟ್ ಹಾಕಿಕೊಂಡು, ಕೈಯಲ್ಲಿ ಕೊಡೆ ಹಿಡಿದು, ಊರಂಚಿನ ಸಂರಕ್ಷಿತ ಕಾಡಿಗೆ ಹೊರಟಳು.

ಗೇಟಿನ ಹತ್ತಿರ ಯಾಕೋ ಜನ ಜಾಸ್ತಿ ಇದ್ದರು. ಪುಟ್ಟಿ ಯಾರನ್ನೂ ಮಾತಾಡಿಸದೆ ಕಾಲುದಾರಿ ಹಿಡಿದಳು.

ಒಂದು ಗಂಟೆಯ ಮೇಲೇ ಆಗಿರಬೇಕು. ಹಿಂದೆ ಹೆಜ್ಜೆ ಸಪ್ಪಳ...

ಅವಳು ನಿಂತಳು. ಸಪ್ಪಳವೂ ನಿಂತಿತು.

ಅವಳು ನಡೆದಳು. ಸಪ್ಪಳವೂ ನಡೆಯಿತು!

ಮೆಲ್ಲಗೆ ತಿರುಗಿ ನೋಡಿದಳು. ಇಪ್ಪತ್ತು ಹೆಜ್ಜೆ ಹಿಂದೆ ಎತ್ತರದ ಆಳೊಬ್ಬ. ಕನ್ನಡಕ, ಬೆನ್ನಿಗೆ ಚೀಲ. ಮರಗಳಿಗೆ ಕಟ್ಟಿದ್ದ ರಿಬ್ಬನ್ನುಗಳನ್ನು ಒಂದೊಂದಾಗಿ ಬಿಚ್ಚಿ, ಅಂದವಾಗಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

'ಕಾಡಲ್ಲಿ ರಿಬ್ಬನ್ ಸೇರಿಸ್ತಿದಾನೆ... ಯಾಕೆ? ಅಯ್ಯೋ ದೇವರೇ, ನನ್ನ ಕೈಕಾಲು ಕಟ್ಟೋಕೆ!'

ಹೆದರಿದಾಗ ಪುಟ್ಟಿಗೆ ಹಸಿವಾಗುತ್ತದೆ. ಒಂದು ಬಂಡೆಯ ಮೇಲೆ ಕೂತು ಬಾಳೆಹಣ್ಣು ಸುಲಿದಳು. ಅವನೂ ಇಪ್ಪತ್ತು ಹೆಜ್ಜೆ ದೂರದ ಬಂಡೆಯ ಮೇಲೆ ಕೂತ, ಕೆಲಸಕ್ಕೆ ಬಂದವನ ಹಾಗೆ ತಾಳ್ಮೆಯಿಂದ.

ಅವಳು ಕೊಡೆಯನ್ನು ಕತ್ತಿಯಂತೆ ಚಾಚಿದಳು.

"ಯಾಕ್ರೀ ನನ್ನ ಹಿಂದೆ ಬರ್ತಿದೀರಾ?"

"ನೀವು ಮುಂದೆ ಹೋಗ್ತಿದೀರಲ್ಲ, ಅದಕ್ಕೆ."

"ನನ್ನ ದಾಟಿ ಹೋಗಿ!"

"ದಾಟೋ ಹಾಗಿಲ್ಲ ಮೇಡಂ. ನಿಧಾನಕ್ಕೆ ತಿನ್ನಿ. ಗಾಬರಿ ಆಗಬೇಡಿ, ನಾನಿದೀನಿ."

"ಗಾಬರಿ ಆಗಿರೋದೇ ನೀವಿದೀರಾ ಅಂತ!"

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆ ಕಡೆಯ ಹೆಣ್ಣುದನಿ ಕಾಡಿಗೆಲ್ಲ ಕೇಳುವಂತಿತ್ತು.

"ಎಲ್ಲಿ ಸತ್ತೆಯೋ ಬಾಲ? ಪೆಂಡಾಲ್ ಬಿಚ್ಚೋರು ಕಾಯ್ತಿದಾರೆ!"

"ಕೊನೆಯವರು ಇನ್ನೂ ಬಾಳೆಹಣ್ಣು ತಿಂತಿದಾರೆ ಟೈಮಕ್ಕ."

"ಯಾವ ಕೊನೆಯವರು? ಎಂಬತ್ತಾರು ಜನ ಹೋದ್ರು, ಎಂಬತ್ತಾರೂ ಬಂದಾಯ್ತು!"

ಅವನು ಫೋನು ನೋಡಿದ. ಪುಟ್ಟಿಯನ್ನು ನೋಡಿದ. ಅವಳ ಕಿತ್ತಳೆ ಟೀ ಶರ್ಟ್ ನೋಡಿದ. ಎದೆಗೆ ನಂಬರ್ ಚೀಟಿ ಇಲ್ಲದ್ದನ್ನೂ ಆಗಲೇ ನೋಡಿದ.

"ಮೇಡಂ... ನೀವು ಓಟಕ್ಕೆ ಬಂದವರಲ್ವಾ?"

"ನಾನು ಓಡೋದೇ ಇಲ್ಲ ಕಣ್ರೀ!"

ಆಮೇಲೆ ವಿಷಯ ಗೊತ್ತಾಯಿತು. ಅಂದು ಆ ಕಾಡಿನಲ್ಲಿ ವಾರ್ಷಿಕ ಓಟ. ಅವನು ಓಟದ ಬಾಲ. ಕೊನೆಯ ಓಟಗಾರನ ಹಿಂದೆ ನಡೆಯಬೇಕು, ದಾರಿ ತೋರಿಸಲು ಕಟ್ಟಿದ ರಿಬ್ಬನ್ ಬಿಚ್ಚುತ್ತಾ ಬರಬೇಕು, ಕೊನೆಯವರು ಗೆರೆ ದಾಟುವ ತನಕ ತಾನು ದಾಟಬಾರದು. ಒಂಬತ್ತು ವರ್ಷದಿಂದ ಅದೇ ಕೆಲಸ ಮಾಡಿ, ಹೆಸರು ಹೋಗಿ ಬಾಲ ಅನ್ನುವುದೇ ಉಳಿದಿತ್ತು. ಹಾಗೆಯೇ ಗೆರೆಯ ಹತ್ತಿರ ಗಡಿಯಾರ ಹಿಡಿದು ಸಮಯ ಬರೆಯುವವಳು ಟೈಮಕ್ಕ. ಭಾವನ ಟೀ ಶರ್ಟ್ ಅದೇ ಓಟದಲ್ಲಿ ಯಾವ ಕಾಲದಲ್ಲೋ ಹಂಚಿದ್ದು!

"ಕ್ಷಮಿಸಿ," ಅಂದ ಬಾಲ, ಕಿವಿ ತುದಿ ಕೆಂಪಾಗಿ. "ನಿಮ್ಮ ಒಂದೂವರೆ ಗಂಟೆ ಹಾಳು ಮಾಡಿದೆ."

"ನನ್ನದೇನು ಹಾಳಾಗಿಲ್ಲ. ನಾನು ವಾಕಿಂಗ್‌ಗೆ ಬಂದವಳು," ಅಂದಳು ಪುಟ್ಟಿ. ಉಳಿದಿದ್ದ ಇನ್ನೊಂದು ಬಾಳೆಹಣ್ಣನ್ನು ಅವನ ಕಡೆ ಚಾಚಿದಳು. "ತಿನ್ನಿ. ಹಸಿದಿರ್ತೀರಾ."

ಮುಂದಿನ ಭಾನುವಾರ ಅವಳು ಗೇಟಿಗೆ ಬಂದಾಗ ಬಾಲ ಅಲ್ಲಿದ್ದ. ಅದರ ಮುಂದಿನ ಭಾನುವಾರವೂ.

ವಾರದ ದಿನಗಳಲ್ಲಿ ಅವನು ಲಿಫ್ಟ್ ರಿಪೇರಿ ಮಾಡುವವನು. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಸಿಕ್ಕಿಬಿದ್ದವರಿಗೆ ಬಾಗಿಲ ಸಂದಿಯಿಂದ ಧೈರ್ಯ ಹೇಳಿ ಹೇಳಿ ಆ ಮೆತ್ತಗಿನ ದನಿ ಬಂದಿತ್ತು. ಆದರೆ ಒಂದು ಚಟ ಮಾತ್ರ ಬಿಡದು. ಪಕ್ಕದಲ್ಲಿ ನಡೀರಿ ಅಂದರೆ ಹತ್ತು ಹೆಜ್ಜೆ ನಡೆದು, ತಾನೇ ತಾನಾಗಿ ಮೂರು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಪುಟ್ಟಿ ಅವನಿಗಾಗಿ ನಿಧಾನ ಮಾಡಿದರೆ ಅವನು ಇನ್ನೂ ನಿಧಾನ. ಕೊನೆಗೆ ಇಬ್ಬರೂ ನಿಂತೇಬಿಡುತ್ತಿದ್ದರು. ಎದುರಿಗೆ ಬಂದವರು "ಏನಾದ್ರೂ ಬಿದ್ದುಹೋಯ್ತಾ?" ಅಂತ ನೆಲ ಹುಡುಕಿಕೊಡುತ್ತಿದ್ದರು.

ಒಂದೇ ತಿಂಗಳಲ್ಲಿ ನಾಲ್ಕು ಸಲ ಅವನ ಕನ್ನಡಕದ ತಿರುಪು ಸಡಿಲವಾಯಿತು. ನಾಲ್ಕು ಸಲವೂ ಅವಳ ಅಂಗಡಿಗೇ ಬಂದ.

"ಇಡೀ ಲಿಫ್ಟ್ ಬಿಚ್ಚಿ ಜೋಡಿಸೋನಿಗೆ ಕನ್ನಡಕದ ತಿರುಪು ಬಿಗಿ ಮಾಡೋಕೆ ಬರಲ್ವಾ?" ಅಂದಳು ಮನೆಯಲ್ಲಿ ಪುಟ್ಟಿಯ ಅಕ್ಕ, ವಿಷಯ ಕೇಳಿ ಕಣ್ಣು ಕಿರಿದು ಮಾಡಿ. "ಲೇ ಪುಟ್ಟಿ, ಅವನು ಬರ್ತಿರೋದು ತಿರುಪಿಗಲ್ಲ ಕಣೇ!"

ಆ ರಾತ್ರಿ ಪುಟ್ಟಿ ಕನ್ನಡಿ ಮುಂದೆ ಸ್ವಲ್ಪ ಜಾಸ್ತಿಯೇ ನಿಂತಳು.

'ನಿಜ ಇರಬಹುದಾ...? ಹಾಗಾದ್ರೆ ಒಂದು ಮಾತು ಬಾಯಿಬಿಟ್ಟು ಯಾಕೆ ಹೇಳಲ್ಲ?'

ಹೀಗೇ ವರ್ಷ ತಿರುಗಿ ಮತ್ತೆ ಓಟದ ಕಾಲ ಬಂತು. "ನಡೆದೇ ಮುಗಿಸಬಹುದು, ಬನ್ನಿ," ಅಂತ ಬಾಲನೇ ಅವಳ ಹೆಸರು ಬರೆಸಿದ.

ಓಟಕ್ಕೆ ಒಂದು ವಾರ ಇರುವಾಗ ಎಡವಟ್ಟಾಯಿತು. ಪುಟ್ಟಿ ಗೇಟಿನ ಹತ್ತಿರ ಶೂ ದಾರ ಕಟ್ಟುತ್ತಿದ್ದಳು. ಗೋಡೆಯ ಆಚೆ ಬಾಲ ಫೋನಿನಲ್ಲಿದ್ದ.

"ಹೂಂ ಟೈಮಕ್ಕ, ಅವರೇ ಕೊನೆಯವರಾಗೋದು. ನಾನು ಹಿಂದೆ ಇರ್ತೀನಿ... ಅದರಲ್ಲಿ ವಿಶೇಷ ಏನು? ಬೇರೆ ಯಾರಿದ್ರೂ ಹಿಂಗೇ ಬರ್ತಿದ್ದೆ. ಕೊನೆಯವರನ್ನ ನೋಡ್ಕೊಳ್ಳೋದೇ ಅಲ್ವಾ ನನ್ನ ಕೆಲಸ?"

ಪುಟ್ಟಿಯ ಕೈಯಲ್ಲಿ ಶೂ ದಾರ ಹಾಗೇ ಉಳಿಯಿತು.

'ಬೇರೆ ಯಾರಿದ್ದರೂ... ಅಂದ್ರೆ ಇಡೀ ವರ್ಷ ನನ್ನ ಜೊತೆ ನಡೆದಿದ್ದು ಡ್ಯೂಟಿ! ನಾನು ಬರೀ ನಿಧಾನದ ಹೆಂಗಸು, ಅವರು ಪಾಪ ಅಂತ ಹಿಂದೆ ಬಂದೋರು...'

ಮನೆಗೆ ಬಂದು ದಿಂಬಿಗೆ ಮುಖ ಒತ್ತಿದಳು. ಅಕ್ಕ ವಿಷಯ ಬಾಯಿಬಿಡಿಸಿದಳು. ಅಕ್ಕ ಆಸ್ಪತ್ರೆಯಲ್ಲಿ ಟೋಕನ್ ನಂಬರ್ ಕೂಗುವವಳು. ಮೈಕ್ ಕೆಟ್ಟ ದಿನವೂ ಅಲ್ಲಿ ಯಾರಿಗೂ ತೊಂದರೆಯಾಗಿಲ್ಲ.

"ನೋಡು, ಓಟದ ದಿನ ನೀನು ಕೇಳಬೇಕು. ನೀನು ಕೇಳಲಿಲ್ಲ ಅಂದ್ರೆ ನಾನೇ ಕೇಳ್ತೀನಿ. ಅಲ್ಲಿ ಮೈಕ್ ಇರುತ್ತಂತಲ್ಲ?"

"ಅಕ್ಕಾ!!"

"ಹೌದೋ ಅಲ್ಲವೋ, ಒಂದು ತೀರ್ಮಾನ ಆಗಲಿ. ನಿನ್ನ ಈ ಮುಖ ನೋಡ್ಕೊಂಡು ಇನ್ನೊಂದು ವರ್ಷ ಕಳೆಯೋಕೆ ನನ್ನ ಕೈಲಾಗಲ್ಲ."

ಓಟದ ದಿನ ಬಂತು. ಶಿಳ್ಳೆ ಊದಿದ್ದೇ ತಡ, ಎಲ್ಲರೂ ಮಾಯ. ಉಳಿದವರು ಇಬ್ಬರು. ಒಬ್ಬರು ಹಕ್ಕಿ ಮೇಷ್ಟ್ರು, ರೆಕ್ಕೆ ಇರುವುದೇನು ಕಂಡರೂ ನಿಲ್ಲುವ ನಿವೃತ್ತ ಮೇಷ್ಟ್ರು. ಅವರಿಗಿಂತಲೂ ಹಿಂದೆ ಪುಟ್ಟಿ. ಪುಟ್ಟಿಯ ಹಿಂದೆ, ರಿಬ್ಬನ್ ಬಿಚ್ಚುತ್ತಾ, ಬಾಲ.

ಆರು ಕಿಲೋಮೀಟರ್ ಹೀಗೇ ನಡೆದರು. ಹಳ್ಳದ ಹತ್ತಿರ ಅವನೇ ಬಾಯಿಬಿಟ್ಟ.

"ಕಲ್ಲು ಜಾರುತ್ತೆ. ನೋಡ್ಕೊಂಡು."

ಅಷ್ಟೇ! ಒಂದು ವಾರದಿಂದ ಎಲ್ಲ ಅದುಮಿಟ್ಟಿದ್ದವಳು ಗಕ್ಕನೆ ತಿರುಗಿದಳು.

"ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ?"

"ಈ ಜಾಗದಲ್ಲಾ? ಅವರಿಗೂ ಜಾರುತ್ತೆ ಅಂತಿದ್ದೆ," ಅಂದ ಬಾಲ, ಅರ್ಥವಾಗದೆ.

"ಅವರ ಹಿಂದೇನೂ ಬರ್ತಿದ್ರಿ?"

"ಬರಲೇಬೇಕಲ್ಲ..."

"ಹಾಗಾದ್ರೆ ನಿಮ್ಮ ಡ್ಯೂಟಿ ನನಗೆ ಬೇಡ! ನಾನು ಕೊನೆಯವಳಾಗಿ ಇರೋದೇ ಇಲ್ಲ!"

ಹಾಗಂದವಳು... ಓಡಿದಳು.

ಹತ್ತೊಂಬತ್ತು ವರ್ಷ ಬೀಗ ಹಾಕಿಟ್ಟ ಕಾಲುಗಳು ಎಡಕ್ಕೊಂದು ಬಲಕ್ಕೊಂದು ಹೋದವು. ಹಳ್ಳದ ನೀರು ಹಾರಿತು, ತಲೆಯ ಕ್ಲಿಪ್ಪು ಹಾರಿತು. ಪೊದೆಯೊಂದು ಅವಳ ಶರ್ಟಿನ ಅರ್ಧ ತೋಳು ಕಿತ್ತುಕೊಂಡಿತು. 'ಶಬ್ದ ಮಾಡಬೇಡಿ' ಅನ್ನುವ ಬೋರ್ಡಿನ ಎದುರೇ ಎಮ್ಮೆಯ ಹಾಗೆ ಏದುಸಿರು ಬಿಟ್ಟು ಹಾದುಹೋದಳು.

"ಮೇಷ್ಟ್ರೇ, ದಾರಿ!"

ಮರದತ್ತ ದುರ್ಬೀನು ಹಿಡಿದಿದ್ದ ಮೇಷ್ಟ್ರು ಬೆಚ್ಚಿ ಪಕ್ಕಕ್ಕೆ ಹಾರಿದರು. "ಯಾವುದಪ್ಪಾ ಇದು! ಈ ಕಾಡಲ್ಲಿ ಇದನ್ನ ನೋಡೇ ಇರಲಿಲ್ಲ!"

ತಿರುವಿನಲ್ಲಿ ಪುಟ್ಟಿ ಒಮ್ಮೆ ಹಿಂದೆ ನೋಡಿದಳು. ಎದೆ ಆಸೆಯಿಂದ ಬಡಿದುಕೊಳ್ಳುತ್ತಿತ್ತು.

ಬಾಲ ಬಂದಿರಲಿಲ್ಲ. ಹಕ್ಕಿ ಮೇಷ್ಟ್ರ ಹಿಂದೆ ನಿಂತಿದ್ದ. ಈಗ ಕೊನೆಯವರು ಅವರಲ್ಲವೇ!

'ನೋಡಿದ್ಯಾ ಪುಟ್ಟಿ? ಇಷ್ಟೇ.'

ಅಳು ಬಂತು. ಆದರೆ ಅಳುತ್ತಾ ಓಡಿದರೆ ಉಸಿರು ಸಾಲದು ಅಂತ ಅವಳಿಗೆ ಅವತ್ತೇ ಗೊತ್ತಾದದ್ದು. ಹಾಗಾಗಿ ಅಳು ನಿಲ್ಲಿಸಿ ಓಡಿದಳು.

ದೂರದಲ್ಲಿ ಪೆಂಡಾಲು ಕಂಡಿತು. ಗೆರೆಯ ಪಕ್ಕ ಗಡಿಯಾರ ಹಿಡಿದ ಟೈಮಕ್ಕ. ಆಚೆ ಅಮ್ಮ. ಅಮ್ಮನ ಪಕ್ಕ ಅಕ್ಕ, ಮೈಕಿನಿಂದ ಸರಿಯಾಗಿ ಎರಡು ಅಡಿ ದೂರದಲ್ಲಿ!

ಗೆರೆಗೆ ಎರಡು ಹೆಜ್ಜೆ ಇರುವಾಗ ಪುಟ್ಟಿ ನಿಂತುಬಿಟ್ಟಳು.

"ದಾಟಮ್ಮಾ!" ಅಂದಳು ಟೈಮಕ್ಕ.

"ದಾಟಲ್ಲ."

"ಅಯ್ಯೋ, ಇನ್ನೆರಡೇ ಹೆಜ್ಜೆ ಕಣಮ್ಮಾ!"

"ಗೊತ್ತು. ಅಕ್ಕಾ, ನೀನು ಮೈಕ್ ಮುಟ್ಟಬೇಡ. ನಾನೇ ಕೇಳ್ತೀನಿ."

ಇಪ್ಪತ್ತೈದು ನಿಮಿಷ ಅವಳು ಅಲ್ಲೇ ನಿಂತಳು. ಟೀ ಖಾಲಿಯಾಯಿತು. ಪೆಂಡಾಲಿನವರು ಏಣಿ ಹಿಡಿದು ನಿಂತರು. ಕೊನೆಗೆ ಹಕ್ಕಿ ಮೇಷ್ಟ್ರು ಬಂದರು. ಅವಳನ್ನು ದಾಟಿ ಗೆರೆ ತುಳಿದು, ಎರಡೂ ಕೈ ಮೇಲೆತ್ತಿದರು.

"ನಾನು ಕೊನೆಯವನಲ್ಲ! ಹನ್ನೊಂದು ವರ್ಷದಲ್ಲಿ ಇದೇ ಮೊದಲು!"

ಅವರ ಹಿಂದೆ ಬಾಲ. ಪುಟ್ಟಿಯನ್ನು ಕಂಡು ಹತ್ತು ಹೆಜ್ಜೆ ದೂರದಲ್ಲೇ ನಿಂತ.

"ದಾಟಿ," ಅಂದ ಮೆಲ್ಲಗೆ.

"ನಾನು ದಾಟೋ ತನಕ ನೀವು ದಾಟೋ ಹಾಗಿಲ್ಲ ಅಲ್ವಾ? ಒಳ್ಳೇದು. ಈಗ ಹೇಳಿ. ಬೇರೆ ಯಾರಿದ್ರೂ ಹಿಂಗೇ ಬರ್ತಿದ್ದೆ ಅಂತ ಟೈಮಕ್ಕನಿಗೆ ಹೇಳಿದ್ರಲ್ಲ. ಕೇಳಿಸ್ಕೊಂಡೆ."

ಬಾಲ ಚೀಲ ಕೆಳಗಿಟ್ಟ.

"ಅದು ಓಟದ ಮಾತು ಪುಟ್ಟಿ! ಓಟ ಇರೋದು ವರ್ಷಕ್ಕೆ ಒಂದು ಭಾನುವಾರ. ಉಳಿದ ಐವತ್ತೊಂದು ಭಾನುವಾರ ನನ್ನನ್ನ ಯಾರು ಕಳಿಸಿದ್ರು ಅಂದ್ಕೊಂಡ್ರಿ?"

ಪುಟ್ಟಿಗೆ ಇದು ಹೊಳೆದೇ ಇರಲಿಲ್ಲ.

"ಐವತ್ತೊಂದಲ್ಲ," ಅಂದಳು. "ಎರಡು ಸಲ ನೀವು ಬರಲಿಲ್ಲ."

"ಲಿಫ್ಟಲ್ಲಿ ಜನ ಸಿಕ್ಕಾಕೊಂಡಿದ್ರು! ಅವರನ್ನ ಹೊರಗೆ ತರೋ ಹೊತ್ತಿಗೆ ನಾನೇ ಅವರಿಗಿಂತ ಒದ್ದಾಡ್ತಿದ್ದೆ. ನೀವು ಒಬ್ಬರೇ ನಡೀತಿರ್ತೀರಲ್ಲ ಅಂತ."

"ಮತ್ತೆ ಒಂದು ವರ್ಷ ಬಾಯಿಗೆ ಏನಾಗಿತ್ತು?"

ಅವನು ತಲೆ ತಗ್ಗಿಸಿದ.

"ಹಿಂದೆ ನಡೆಯೋನಿಗೆ ಒಂದು ಅನುಕೂಲ ಇದೆ. ಮುಂದಿರೋರ ಮುಖ ಕಾಣಲ್ಲ. ನಾನು ಹೇಳಿ, ನೀವು ಬೇಡ ಅಂದ್ರೆ... ಆ ಮುಖ ನೋಡೋ ಧೈರ್ಯ ಇರಲಿಲ್ಲ."

"ಮುಂದೆ ಬಂದು ನೋಡಿ," ಅಂದಳು ಪುಟ್ಟಿ. "ನನ್ನ ಮುಖ ಹೇಗಿದೆ ಅಂತ."

ಬಾಲ ಹತ್ತು ಹೆಜ್ಜೆ ನಡೆದ. ಅವಳ ಪಕ್ಕಕ್ಕೆ ಬಂದು ನಿಂತ. ಮೂರು ಹೆಜ್ಜೆ ಹಿಂದೆ ಸರಿಯಲಿಲ್ಲ.

ಕೆದರಿದ ಕೂದಲು, ಹರಿದ ತೋಳು, ಕೆನ್ನೆಗೆ ಕೆಸರು, ಕಣ್ತುಂಬ ನೀರು. ಅವನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಬೇಡ ಅಂತಿರೋ ಹಾಗೆ ಕಾಣ್ತಿಲ್ಲ..."

"ನಂಬರ್ ಸರಿಯಾಗಿದೆ ನಿಮ್ಮ ಕನ್ನಡಕದ್ದು."

"ಪುಟ್ಟಿ, ನಂಗೆ ನೀವು ಬೇಕು. ಕೊನೆಯವರಾಗಿದ್ರೂ ಸರಿ, ಮೊದಲನೆಯವರಾಗಿದ್ರೂ ಸರಿ. ಮೊದಲನೆಯವರಾದ್ರೆ ಮಾತ್ರ ನಾನು ಸ್ವಲ್ಪ ಪ್ರಾಕ್ಟೀಸ್ ಮಾಡಬೇಕಾಗುತ್ತೆ."

ಅಕ್ಕ ತಡೆಯಲಾರದೆ ಮೈಕಿಗೆ ಕೈಹಾಕಿದಳು. "ಒಪ್ಪಿದಳು ಅಂತ ಬರ್ಕೊಳ್ಳಿ!" ಕಾಡಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಮೇಷ್ಟ್ರು ದುರ್ಬೀನಿಗೆ ತಡಕಾಡಿದರು.

ಪುಟ್ಟಿ ಕೈ ಚಾಚಿದಳು. ಅವನು ಹಿಡಿದುಕೊಂಡ. ಇಬ್ಬರೂ ಒಂದೇ ಹೆಜ್ಜೆಗೆ ಗೆರೆ ದಾಟಿದರು.

"ಇನ್ಮೇಲೆ 'ನೀವು' ಅನ್ನಬೇಡಿ," ಅಂದಳು ಅವನಿಗಷ್ಟೇ ಕೇಳುವಂತೆ.

"ನೀನೂ ಅನ್ನಬೇಡ."

"ಆಯ್ತು. ಕಾಲು ನೋಯ್ತಿದೆ ಕಣೋ..."

"ಕೂತ್ಕೋ. ನಂಗೇನೂ ಅವಸರ ಇಲ್ಲ."

ಅಮ್ಮ ಹತ್ತಿರ ಬಂದು ಮಗಳ ಶೂ ನೋಡಿದರು, ಮೊಣಕಾಲು ನೋಡಿದರು, ಪಕ್ಕದಲ್ಲಿದ್ದವನನ್ನೂ ನೋಡಿದರು.

"ಓಡಿದ್ಯಾ?"

"ಓಡಿದೆ ಅಮ್ಮ."

ಹತ್ತೊಂಬತ್ತು ವರ್ಷದ ಹಿಂದೆ ಕೊಟ್ಟ ಮಾತು ಅವತ್ತು ಮುರಿಯಿತು.