ನಾಣಯ್ಯನವರ ಎಡಗೈ ಹೆಬ್ಬೆರಳು

೨೦೨೫ರ ನವೆಂಬರ್ ೨೪, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಭಾಗಮಂಡಲ ಠಾಣೆಗೆ ಬಂದ ಗಂಗಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಬ್ಯಾಗಿನಿಂದ ಒಂದು ರಿಜಿಸ್ಟರ್ ಪತ್ರ ತೆಗೆದು ಸಬ್ ಇನ್‌ಸ್ಪೆಕ್ಟರ್ ಧರ್ಮೇಂದ್ರನ ಮೇಜಿನ ಮೇಲಿಟ್ಟರು.

"ನನ್ನ ಗಂಡನ ಹೆಸರಿಗೆ ಬಂದದ್ದು ಸಾರ್."

"ಅವರೆಲ್ಲಿ?"

"ತೀರಿಹೋಗಿ ಒಂದೂವರೆ ತಿಂಗಳಾಯ್ತ್."

ಪತ್ರ ಬ್ಯಾಂಕಿನದು. ತಮ್ಮ ಸಹೋದರ ಕೂಸಪ್ಪನ ಮಗಳು ಪೂಜಿತಾಳ ವಿದ್ಯಾಭ್ಯಾಸದ ಸಾಲಕ್ಕೆ ಜಂಟಿ ಆಸ್ತಿ ಅಡಮಾನವಿಡಲು ಒಪ್ಪಿಗೆ ಕೊಟ್ಟ ಶ್ರೀ ನಾಣಯ್ಯನವರಿಗೆ ಧನ್ಯವಾದಗಳು ಎಂದಿತ್ತು. ಜೊತೆಗೆ ಒಪ್ಪಿಗೆ ಪತ್ರದ ನಕಲು. ಕೆಳಗೆ ನಾಣಯ್ಯನ ಹೆಸರು, ಹೆಸರಿನ ಪಕ್ಕ ಹೆಬ್ಬೆಟ್ಟಿನ ಗುರುತು.

"ಅವು, ನನ್ನ ಗಂಡ, ಎಂಟನೇ ಕ್ಲಾಸು ಪಾಸಾದವು ಸಾರ್. ಹಾಲಿನ ಡೈರಿಯಲ್ಲೂ ಹೆಬ್ಬೆಟ್ಟು ಒತ್ತಿದವರಲ್ಲ. ಸತ್ತ ಮೇಲೆ ಅವರನ್ನ ಓದು ಬಾರದವರ ಸಾಲಿಗೆ ಸೇರಿಸಿದ್ದು ಯಾರು? ನನಗೆ ಅಷ್ಟೇ ಗೊತ್ತಾಗಬೇಕು."

ಹನ್ನೊಂದೂ ಮುಕ್ಕಾಲಿಗೆ ವಂಚನೆ, ಫೋರ್ಜರಿ ಕಲಮುಗಳಡಿ ಎಫ್‌ಐಆರ್ ಆಯಿತು. ಆರೋಪಿಯ ಕಾಲಂನಲ್ಲಿ 'ಗೊತ್ತಿಲ್ಲ' ಎಂದು ಬರೆದ ಹೆಡ್ ಕಾನ್‌ಸ್ಟೆಬಲ್ ಜಯಪ್ರಕಾಶ್ ಪೆನ್ನಿನ ಮುಚ್ಚಳ ಹಾಕುತ್ತಾ, "ಇದರಲ್ಲಿ ಗೊತ್ತಿಲ್ಲದ್ದು ಎಂತ ಉಂಟು ಸಾರ್? ಸಾಲ ಯಾರಿಗೆ ಬೇಕಿತ್ತೋ ಅವರ ಅಪ್ಪನ ಹೆಬ್ಬೆಟ್ಟು" ಎಂದ. ಧರ್ಮೇಂದ್ರನಿಗೂ ಹಾಗೇ ಅನಿಸಿತ್ತು. ಅರಸೀಕೆರೆ ಕಡೆಯವನಾದ ಅವನು ಕೊಡಗಿಗೆ ಬಂದು ಎರಡು ವರ್ಷವಾಗಿತ್ತು. ಜಂಟಿ ಆಸ್ತಿಯ ಜಗಳಗಳನ್ನು ಅಷ್ಟರಲ್ಲೇ ಸಾಕುಸಾಕೆನ್ನುವಷ್ಟು ನೋಡಿದ್ದ.

ಮರುದಿನ ಮಡಿಕೇರಿಯ ಬ್ಯಾಂಕಿನಲ್ಲಿ ಪಂಚರ ಸಮಕ್ಷಮ ಮೂಲ ಪತ್ರವನ್ನು ಜಪ್ತಿ ಮಾಡಿದರು. ಇ-ಸ್ಟಾಂಪ್ ಕಾಗದದ ನೆತ್ತಿಯ ಮೇಲೆ ದಿನ, ಸಮಯ ಎರಡೂ ಅಚ್ಚಾಗಿದ್ದವು: ೮-೧೦-೨೦೨೫, ೧೧.೪೬. ಧರ್ಮೇಂದ್ರ ಫೈಲಿನಿಂದ ನಾಣಯ್ಯನ ಮರಣ ಪ್ರಮಾಣಪತ್ರ ತೆಗೆದು ಪಕ್ಕಕ್ಕಿಟ್ಟ. ಅದೇ ದಿನ, ಬೆಳಿಗ್ಗೆ ೯.೫೦.

"ಅವರು ಸತ್ತು ಎರಡು ಗಂಟೆ ಆದ ಮೇಲೆ ಹುಟ್ಟಿದ ಕಾಗದ ಸಾರ್ ಇದು" ಎಂದ ಜಯಪ್ರಕಾಶ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಕೂಸಪ್ಪನ ಬೆರಳಚ್ಚು ತೆಗೆಸಿ, ಒಪ್ಪಿಗೆ ಪತ್ರದೊಂದಿಗೆ ಬೆರಳಚ್ಚು ಘಟಕಕ್ಕೆ ಕಳಿಸಿದರು. ಹನ್ನೆರಡು ವರ್ಷದ ಹಿಂದೆ ನಾಣಯ್ಯ ಒಂದು ಸೈಟು ಕೊಂಡಾಗ ನೋಂದಣಿ ಕಚೇರಿಯವರು ಸಹಿಯ ಜೊತೆ ನಿಯಮದಂತೆ ಒತ್ತಿಸಿಕೊಂಡಿದ್ದ ಎಡ ಹೆಬ್ಬೆಟ್ಟಿನ ಗುರುತೂ ಸಿಕ್ಕಿತ್ತು. ಇರಲಿ ಎಂದು ಅದನ್ನೂ ಸೇರಿಸಿದ್ದರು.

ಡಿಸೆಂಬರ್ ೧, ಸೋಮವಾರ ಮಧ್ಯಾಹ್ನ ವರದಿ ಬಂತು. ಒಪ್ಪಿಗೆ ಪತ್ರದ ಮೇಲಿನ ಗುರುತು ಕೂಸಪ್ಪನದಲ್ಲ. ಅದು ನಾಣಯ್ಯನವರದೇ.

ಧರ್ಮೇಂದ್ರ ಆ ಸಾಲನ್ನು ಎರಡು ಸಲ ಓದಿದ. ಹೊರಗೆ ಬಿಸಿಲಿತ್ತು, ತಲಕಾವೇರಿಯಿಂದ ಇಳಿದ ಬಸ್ಸೊಂದು ಹಾರ್ನ್ ಮಾಡುತ್ತಿತ್ತು. ತನ್ನ ಅಪ್ಪ ತೀರಿಕೊಂಡ ದಿನ ಅವರ ಬೆರಳಿನಿಂದ ಉಂಗುರ ಕಳಚಿದವನು ಅವನೇ. ಸೋಪು ಹಚ್ಚಿ, ತಿರುಗಿಸಿ, ಎಳೆದಿದ್ದ. ಆ ಉಂಗುರದ ದುಡ್ಡಿನಲ್ಲೇ ಬಿ.ಎ. ಕೊನೆಯ ವರ್ಷದ ಫೀಸು ಕಟ್ಟಿದ್ದು. ಅದನ್ನು ಯಾರೂ ಕಳ್ಳತನ ಅಂದಿರಲಿಲ್ಲ. ಆ ಬೆರಳಿನ ತಣ್ಣನೆಯ ಸ್ಪರ್ಶ ಮಾತ್ರ ಅವನ ಕೈಯಿಂದ ಹೋಗಿರಲಿಲ್ಲ.

ಹೆಣ ಮೀಯಿಸಿದವರಲ್ಲಿ ಸಿದ್ದನೂ ಒಬ್ಬ. ನಾಣಯ್ಯನ ತೋಟದಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದವನು. ಮಂಗಳವಾರ ಅವನ ಹೇಳಿಕೆ ಪಡೆದರು.

"ಮೀಯಿಸಿದ್ದು ಎಷ್ಟು ಗಂಟೆಗೆ?"

"ಎರಡು ಆಗಿರಬೇಕು."

"ಕೈಯಲ್ಲಿ ಏನಾದರೂ ಇತ್ತಾ?"

"ಎಡಗೈ ಹೆಬ್ಬೆರಳು ನೀಲಿ ಆಗಿತ್ತು ಸಾರ್. ಸೀಗೆಪುಡಿ ಹಾಕಿ ಉಜ್ಜಿದೆ, ಹೋಗಲೇ ಇಲ್ಲ. ಓಟು ಹಾಕಿದ್ದಾರೆ ಅಂತ ಮಾಡಿದೆ."

"ಓಟಿನ ಶಾಯಿ ಹೆಬ್ಬೆರಳಿಗೆ ಹಾಕ್ತಾರೇನೋ? ಅಕ್ಟೋಬರಿನಲ್ಲಿ ಯಾವ ಓಟಿತ್ತು?"

ಸಿದ್ದ ತನ್ನ ಬೆರಳನ್ನೇ ನೋಡಿಕೊಂಡ. "ಹಾಗೇ ಸುಟ್ಟೆವು ಸಾರ್" ಎಂದ.

"ಮೀಯಿಸುವ ಮೊದಲು ಹೆಣದ ಹತ್ತಿರ ಒಬ್ಬರೇ ಕೂತವರು ಯಾರು?"

"ಹೆಂಗಸರೆಲ್ಲ ಗಂಗಮ್ಮನ ಹತ್ತಿರ ಇದ್ದರು. ನಾವು ಸೌದೆಗೆ ಹೋಗಿದ್ದೆವು. ಪೂಜಿತಾ ಪಾಪ ಸ್ಕೂಟಿಯಲ್ಲಿ ಪೇಟೆಗೆ ಹೋಗಿ ಬಿಳಿ ಬಟ್ಟೆ, ಕರ್ಪೂರ ತಂದಳು. ಬಂದವಳು ದೊಡ್ಡಪ್ಪನ ಪಕ್ಕವೇ ಕೂತಳು."

ಆ ದಿನದ ಯುಪಿಐ ಲೆಕ್ಕ ತರಿಸಿದರು. ಬಟ್ಟೆ ಅಂಗಡಿ, ೧೧.೩೮. ಇ-ಸ್ಟಾಂಪ್ ಕೇಂದ್ರ, ೧೧.೪೫. ಎರಡೂ ಪೂಜಿತಾಳ ಫೋನಿನಿಂದ. ಅಳು ಬರುವ ಹೊತ್ತಿನಲ್ಲಿ ಹುಡುಗಿ ಏಳೇ ನಿಮಿಷದಲ್ಲಿ ಎರಡೂ ವ್ಯಾಪಾರ ಮುಗಿಸಿದ್ದಳು. ಧರ್ಮೇಂದ್ರನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಆ ಏಳು ನಿಮಿಷ ಅವಳ ತಲೆಯೊಳಗೆ ಏನು ನಡೆದಿರಬಹುದೆಂದು ಯೋಚಿಸತೊಡಗಿದ.

ಡಿಸೆಂಬರ್ ೫, ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ. ಜೀಪು ಅಂಗಳದಲ್ಲಿ ನಿಲ್ಲುವುದಕ್ಕೂ ಕೂಸಪ್ಪ ಎದುರು ಬಂದು ಎರಡೂ ಕೈ ಮುಂದೆ ಮಾಡುವುದಕ್ಕೂ ಸರಿಹೋಯಿತು. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುವವರನ್ನು ಧರ್ಮೇಂದ್ರ ಕಂಡಿದ್ದ. ಇದು ಹಾಗಲ್ಲ, ಬೇರೆಯವರ ಹೆಗಲು ಮುಚ್ಚಲು ಬಂದ ಕೈ.

"ನಾನೇ ಸಾರ್ ಮಾಡಿದ್ದು. ನನ್ನನ್ನ ಕರಕೊಂಡು ಹೋಗಿ."

"ಯಾವ ಕೈ ಒತ್ತಿಸಿದ್ರಿ?"

ಕೂಸಪ್ಪ ತಡವರಿಸಿದ. "ಬಲಗೈ."

"ಎಡಗೈ" ಎಂದಿತು ಬಾಗಿಲ ಬಳಿಯಿಂದ ಇನ್ನೊಂದು ದನಿ. "ಅಪ್ಪನಿಗೆ ಗೊತ್ತಿಲ್ಲ ಸಾರ್. ದೊಡ್ಡಪ್ಪ ಬದುಕಿದ್ದಾಗಲೇ ಒತ್ತಿಕೊಟ್ಟದ್ದು ಅಂತ ಅವರಿಗೂ ಸುಳ್ಳು ಹೇಳಿದ್ದೆ."

ಪೂಜಿತಾಳಿಗೆ ಹತ್ತೊಂಬತ್ತು ತುಂಬಿ ಮೂರು ತಿಂಗಳು. ಮಂಗಳೂರಿನ ಖಾಸಗಿ ಕಾಲೇಜಿನಲ್ಲಿ ಫಿಸಿಯೋಥೆರಪಿ ಮೊದಲ ವರ್ಷ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಅವಳು ಮಗು ಸಾರ್" ಎಂದ ಕೂಸಪ್ಪ.

"ಮಗು ಅಲ್ಲ. ಕಾಲೇಜು ಆರಿಸಿದ್ದು ನಾನು. ಸಾಲ ನನ್ನ ಹೆಸರಲ್ಲೇ ಇರೋದು. ಇದೂ ನನ್ನದೇ."

ಮಹಿಳಾ ಕಾನ್‌ಸ್ಟೆಬಲ್ ಪವಿತ್ರಾ ಪಕ್ಕದಲ್ಲಿ ನಿಂತಳು. ಧರ್ಮೇಂದ್ರ ಕೇಳಿದ.

"ದೊಡ್ಡಪ್ಪ ಸಹಿ ಹಾಕಲ್ಲ ಅಂದಿದ್ರಾ?"

"ಇಲ್ಲ. ಕಾವೇರಿ ಸಂಕ್ರಮಣ ಆಗಲಿ, ತೀರ್ಥ ತಂದ ಮೇಲೆ ಹಾಕುವ ಅಂದಿದ್ರು. ಒಳ್ಳೆ ಕೆಲಸ ತೀರ್ಥ ಆದ ಮೇಲೇ ಅಂತ. ತೀರ್ಥ ಹದಿನೇಳಕ್ಕೆ. ಸೀಟಿಗೆ ಬ್ಯಾಂಕಿನ ಪತ್ರ ಕೊಡಲಿಕ್ಕೆ ಹತ್ತನೇ ತಾರೀಕು ಕೊನೆ. ಎಂಟಕ್ಕೆ ಅವರು ಹೋದ್ರು. ಆಸ್ತಿಯವರು ತೀರಿಹೋದ್ರೆ ವಾರಸುದಾರರ ಪತ್ರ ಬೇಕು, ತಿಂಗಳುಗಟ್ಟಲೆ ಆಗ್ತದೆ ಅಂತ ಬ್ಯಾಂಕಿನವರು ಮೊದಲೇ ಇನ್ಯಾರಿಗೋ ಹೇಳಿದ್ದು ಕೇಳಿದ್ದೆ."

"ಅವರ ಸಹಿ ನೋಡಿದ್ದೆಯಲ್ಲ. ಅದನ್ನೇ ಹಾಕಬಹುದಿತ್ತು. ಹೆಬ್ಬೆಟ್ಟು ಯಾಕೆ?"



"ಸಹಿ ನಾನು ಹಾಕಿದ್ರೆ ಅದು ಸುಳ್ಳಾಗ್ತದೆ ಸಾರ್. ಬೆರಳು ಅವರದ್ದೇ. ಕೊಡ್ತೇನೆ ಅಂದವರು ಅವರೇ. ಕೊಟ್ಟ ಹಾಗೇ ಆಗ್ತದೆ ಅಂತ ಅನಿಸಿತು."

ಹನ್ನೊಂದು ಹತ್ತಕ್ಕೆ ದಸ್ತಗಿರಿ. ಶವಕ್ಕೆ ಅಗೌರವ ತೋರಿದ ಕಲಮನ್ನೂ ಸೇರಿಸಿದರು. ಕೇಸ್ ಡೈರಿಗೆ ಕಾರಣ ಬರೆಯುವಾಗ ಧರ್ಮೇಂದ್ರ 'ಸೀಟು ಉಳಿಸಿಕೊಳ್ಳಲು' ಎಂದಷ್ಟೇ ಬರೆದ. ಆ ಸೀಟಿಗೆ ಅವಳು ಒಂದು ತಿಂಗಳಿಂದ ಹೋಗಿಯೇ ಇಲ್ಲವೆಂದು ಕಾಲೇಜಿನಿಂದ ಬಂದ ಹಾಜರಿ ಪಟ್ಟಿ ಹೇಳುತ್ತಿತ್ತು. ಅನಾಟಮಿ ತರಗತಿಯಲ್ಲಿ ಹೆಣದ ಕೈ ಹಿಡಿದು ನೋಡಬೇಕಿತ್ತಂತೆ. ಯಾವ ಹೆಣದ ಬಟ್ಟೆ ಸರಿಸಿದರೂ ಎಡ ಹೆಬ್ಬೆರಳು ನೀಲಿಯಾಗಿಯೇ ಕಾಣುತ್ತಿತ್ತಂತೆ. ಹಾಸ್ಟೆಲ್ ರೂಮಿನಲ್ಲಿ ಕೂತು ಕೈ ತೊಳೆದದ್ದೇ ತೊಳೆದದ್ದು ಎಂದು ಅವಳೇ ಹೇಳಿದಳು.

ಮಧ್ಯಾಹ್ನ ಎರಡಕ್ಕೆ ಗಂಗಮ್ಮ ಓಡೋಡಿ ಬಂದರು. "ಕೇಸು ವಾಪಸ್ ತಗೊಳ್ತೇನೆ ಸಾರ್. ಇವಳು ಅಂತ ನನಗೆಂತ ಗೊತ್ತು?"

"ಈ ಕಲಮುಗಳಲ್ಲಿ ಹಾಗೆ ವಾಪಸ್ ತಗೊಳ್ಳೋಕೆ ಬರಲ್ಲ ಅಮ್ಮ. ಕೋರ್ಟಿನಲ್ಲಿ ಜಾಮೀನು ಕೇಳಿ."

ಅವರು ಈಗ ಕುರ್ಚಿಯಲ್ಲಿ ಕೂತರು.

ಒಳಗೆ ಪವಿತ್ರಾ ಆರೋಪಿಯ ಬೆರಳಚ್ಚು ಪಡೆಯುತ್ತಿದ್ದಳು. ಗಾಜಿನ ಮೇಲೆ ಮಸಿ ಸವರಿ ಪೂಜಿತಾಳ ಎಡಗೈ ಹಿಡಿದಳು. ಬೆರಳು ಸೆಟೆದುಕೊಂಡಿತ್ತು.

"ಸಡಿಲ ಬಿಡು. ನೀನು ಒತ್ತಬೇಡ, ನಾನೇ ಒತ್ತಿಸ್ತೇನೆ."

ಪೂಜಿತಾಳ ಹೆಬ್ಬೆರಳು ಮಸಿಯ ಮೇಲೆ ಹೊರಳಿ ಕಾಗದಕ್ಕೆ ಒತ್ತಿತು. "ಅವರ ಕೈ ಇನ್ನೂ ಸ್ವಲ್ಪ ಬೆಚ್ಚಗಿತ್ತು ಮೇಡಂ. ಅವತ್ತು ನಾನು ಒತ್ತಿಸಿದೆನೋ, ಅವರೇ ಒತ್ತಿದರೋ, ನನಗೆ ಇನ್ನೂ ಗೊತ್ತಾಗಿಲ್ಲ."

ಗಂಗಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಯಾರೂ ತಡೆಯಲಿಲ್ಲ. ಒಳಗೆ ಬಂದು ಹುಡುಗಿಯ ಮಸಿ ಹತ್ತಿದ ಹೆಬ್ಬೆರಳನ್ನು ಸೆರಗಿನಲ್ಲಿ ಹಿಡಿದು ಒರೆಸತೊಡಗಿದರು.

"ಅವು ಕೊಡ್ತಿದ್ದೊ ಮಗಾ."

"ಗೊತ್ತುಟ್ಟು ದೊಡ್ಡವ್ವ."

ಮೂರು ಹತ್ತಕ್ಕೆ ಜೀಪು ಮಡಿಕೇರಿಯ ನ್ಯಾಯಾಲಯಕ್ಕೆ ಹೊರಡಬೇಕಿತ್ತು. ಧರ್ಮೇಂದ್ರ ಗಡಿಯಾರ ನೋಡಿದ, ಜಯಪ್ರಕಾಶನನ್ನು ನೋಡಿದ. ಗಂಗಮ್ಮ ಇನ್ನೂ ಒರೆಸುತ್ತಲೇ ಇದ್ದರು. ಆ ದಿನ ಜೀಪು ಹೊರಟದ್ದು ಮೂರೂವರೆಗೆ.